ಗೆರೆ ಹಿಡಿದ ಮಾವಿನ ಮರದಲ್ಲಿ ಬಸವನ ಕೆತ್ತನೆ: ಕೊರಡಿನಿಂದ ಉಡುಗೊರೆಯವರೆಗೆ

ಮಳೆಗಾಲಕ್ಕೆ ಮುಂಚೆ ಕಡಿದು ಹಿತ್ತಲ ಮೂಲೆಗೆ ಉರುಳಿಸಿದ ಮಾವಿನ ಕೊರಡನ್ನು ದೀಪಾವಳಿ ಹೊತ್ತಿಗೆ ಸೀಳಿದರೆ ಒಳಗೆ ಸಣ್ಣ ಕಪ್ಪು ಗೆರೆಗಳು ಓಡಾಡಿರುತ್ತವೆ. ಒಂದು ಕಡೆ ಮರ ಕೆನೆಬಣ್ಣಕ್ಕೆ ತಿರುಗಿರುತ್ತದೆ, ಇನ್ನೊಂದು ಕಡೆ ಬೂದುನೀಲಿ ಹರಡಿರುತ್ತದೆ. ಹೆಚ್ಚಾಗಿ ಇಂಥ ಕೊರಡು ನೀರೊಲೆಗೆ ಹೋಗುತ್ತದೆ. ಬಡಗಿಯನ್ನು ಕೇಳಿದರೆ ‘ಲಡ್ಡು ಹಿಡೀತಾ ಇದೆ, ಬಿಡಿ’ ಅನ್ನುತ್ತಾರೆ, ಅಂದರೆ ಕೊಳೆತು ಪುಡಿಯಾಗುತ್ತಿದೆ ಎಂದು. ಬಾಗಿಲಿಗೆ, ಚೌಕಟ್ಟಿಗೆ ಅದು ಆಗದ ಮರವೇ ಹೌದು. ಆದರೆ ಎರಡು ಕೈಯಲ್ಲಿ ಹಿಡಿದು ಕೊಡುವಂಥ ಒಂದು ಗೊಂಬೆಗೆ ಇದರಷ್ಟು ಚೆಲುವಾದ ಮರ ಸಿಗುವುದು ಕಷ್ಟ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಪಾಲ್ಟೆಡ್ ವುಡ್ ಎನ್ನುತ್ತಾರೆ. ಈ ಲೇಖನದಲ್ಲಿ ಗೆರೆಮರ ಎಂದೇ ಕರೆಯುತ್ತೇನೆ.

ಗೆರೆಮರದಲ್ಲಿ ಕುಸುರಿ ಕೆಲಸ ಮಾಡಬೇಕೆಂದಿರುವವರು ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ಗೆರೆ ಇರುವ ಕಡೆ ಕುಸುರಿ ಬೇಡ, ಕುಸುರಿ ಇರುವ ಕಡೆ ಗೆರೆ ಬೇಡ. ಎರಡೂ ಒಂದೇ ಜಾಗದಲ್ಲಿ ಬಿದ್ದರೆ ಕಣ್ಣಿಗೆ ಯಾವುದೂ ನಿಲ್ಲುವುದಿಲ್ಲ. ಕಷ್ಟಪಟ್ಟು ಕೆತ್ತಿದ ರೆಪ್ಪೆ ಕಪ್ಪು ಗೆರೆಯೊಳಗೆ ಕಳೆದುಹೋಗುತ್ತದೆ. ನಾನು ಈ ಮಾರ್ಗದರ್ಶಿಗೆ ಕುಳಿತ ಬಸವನನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಮೈಸೂರಿನ ಚಾಮುಂಡಿ ಬೆಟ್ಟದ 17ನೇ ಶತಮಾನದ ನಂದಿಯನ್ನು ನೆನಪಿಸಿಕೊಳ್ಳಿ: ಪಕ್ಕೆ, ಹಿಣಿಲು (ಬೆನ್ನ ಮೇಲಿನ ಡುಬ್ಬ), ಬೆನ್ನು ಎಲ್ಲ ನುಣುಪು, ಕೆಲಸವೆಲ್ಲ ಕೊರಳಿನ ಗೆಜ್ಜೆಸರ, ಗಂಟೆ, ಮುಖದಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ನಂದಿಗಳಲ್ಲೂ ಹೀಗೇ, ಮೈಗೆ ಬರೀ ಹೊಳಪು, ಒಡವೆಗೆ ಕುಸುರಿ. ಕಲ್ಲಿನಲ್ಲಿ ಅವರು ಖಾಲಿ ಬಿಟ್ಟ ಆ ನುಣುಪು ಜಾಗವೇ ನಮ್ಮ ಮರದಲ್ಲಿ ಗೆರೆಗಳು ಮೆರೆಯುವ ಜಾಗ. ಇನ್ನೊಂದು ಅನುಕೂಲವೂ ಇದೆ. ಕಾಲು ಮಡಚಿ ಕುಳಿತ ಬಸವ ಒಂದೇ ಮುದ್ದೆಯಾಗಿರುತ್ತಾನೆ. ಮುರಿಯಲು ಚಾಚಿಕೊಂಡ ಅಂಗಗಳು ಕಡಿಮೆ. ಮೆದುವಾಗಿರುವ ಈ ಮರಕ್ಕೆ ಅದು ಬಹಳ ಮುಖ್ಯ.

ಗೆರೆ ಎಲ್ಲಿಂದ ಬರುತ್ತದೆ

ಎಲ್ಲವೂ ಶಿಲೀಂಧ್ರದ ಕೆಲಸ. ಮಳೆಗಾಲದಲ್ಲಿ ಕೊರಡಿನ ಮೇಲೆ ಪದರ ಪದರವಾಗಿ, ಬೀಸಣಿಗೆಯ ಆಕಾರದಲ್ಲಿ ಏಳುವ ಅಣಬೆಗಳಲ್ಲಿ ಹಲವು, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ತಿನ್ನುವಂಥವು. ಲಿಗ್ನಿನ್ ಹೋದ ಭಾಗ ಬಿಳಿಚಿಕೊಳ್ಳುತ್ತದೆ, ಹಗುರವಾಗುತ್ತದೆ, ಕೊನೆಗೆ ಲಡ್ಡಾಗುತ್ತದೆ. ಒಂದು ಶಿಲೀಂಧ್ರ ಇನ್ನೊಂದಕ್ಕೆ ಎದುರಾದಾಗ, ಅಥವಾ ತನ್ನ ಜಾಗದ ತೇವ ಕಾಪಾಡಿಕೊಳ್ಳಲು, ಮೆಲನಿನ್ ಎಂಬ ಕಪ್ಪು ವಸ್ತುವಿನಿಂದ ಸುತ್ತ ಬೇಲಿ ಕಟ್ಟಿಕೊಳ್ಳುತ್ತದೆ. ನಾವು ನೋಡುವ ಕಪ್ಪು ಗೆರೆ ಅದೇ. ಬೂದುನೀಲಿ ಬಣ್ಣ ತರುವವು ಬೇರೆ ಜಾತಿಯವು. ಮರದ ಹೊರಭಾಗದ ಸಕ್ಕರೆ, ಗಂಜಿಯನ್ನು ತಿಂದು ಬದುಕುವ ಅವು ಮರದ ಗಟ್ಟಿತನವನ್ನು ಅಷ್ಟಾಗಿ ಕೆಡಿಸುವುದಿಲ್ಲ. 15ನೇ ಶತಮಾನದ ಇಟಲಿಯಲ್ಲಿ ಮರದ ಚೂರುಗಳನ್ನು ಜೋಡಿಸಿ ಚಿತ್ರ ಮಾಡುತ್ತಿದ್ದ ಕುಶಲಕರ್ಮಿಗಳು ಎಲೆ, ಬೆಟ್ಟಗಳಿಗೆ ಹಸಿರು ಶಿಲೀಂಧ್ರ ಹಿಡಿದ ಮರವನ್ನೇ ಹುಡುಕಿ ತಂದು ಬಳಸುತ್ತಿದ್ದರು. ಅಂದರೆ ಈ ಮರವನ್ನು ಬೆಲೆಯುಳ್ಳದ್ದೆಂದು ಕಾಣುವುದು ಹೊಸ ಶೋಕಿಯೇನಲ್ಲ.

ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಗೆರೆ ಬರುವುದಿಲ್ಲ. ತೇವಾಂಶ ಶೇ. 20ಕ್ಕಿಂತ ಕೆಳಗಿಳಿದ ಮರದಲ್ಲಿ ಅದು ಬೆಳೆಯುವುದನ್ನು ನಿಲ್ಲಿಸುತ್ತದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ಬಿಸಿ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಇದಕ್ಕೆಂದೇ ಇದ್ದ ಹಾಗಿದೆ.

ಯಾವ ಮರ, ಎಲ್ಲಿಂದ

ಮಾವು ಮೊದಲ ಆಯ್ಕೆ. ಬಣ್ಣ ತಿಳಿ, ಗೆರೆ ಬೇಗ ಹಿಡಿಯುತ್ತದೆ, ಎಲ್ಲ ಊರಲ್ಲೂ ಸಿಗುತ್ತದೆ. ಹುಣಸೆಯ ಹೊರಗಿನ ಬಿಳಿ ಭಾಗದಲ್ಲೂ ಒಳ್ಳೆಯ ಗೆರೆ ಬರುತ್ತದೆ, ಆದರೆ ಮರ ಗಟ್ಟಿ. ಕೈ ಪಳಗಿದವರಿಗೆ ಮಾತ್ರ ಹೇಳುತ್ತೇನೆ. ರಬ್ಬರ್ ಮರ ಕಡಿದ ಕೆಲವೇ ದಿನಗಳಲ್ಲಿ ನೀಲಿ ತಿರುಗುತ್ತದೆ. ತೇಗ, ಹೊನ್ನೆ, ಬೀಟೆಯ ಚೇಗನ್ನು (ಒಳಗಿನ ಗಟ್ಟಿ ಮರವನ್ನು) ನೆಚ್ಚಿ ಕೂರಬೇಡಿ. ಶಿಲೀಂಧ್ರವನ್ನು ದೂರ ಇಡುವ ಗುಣ ಅವುಗಳಲ್ಲೇ ಇದೆ. ಅಮೆರಿಕ, ಯೂರೋಪಿನಲ್ಲಿರುವವರಿಗೆ ಮೇಪಲ್, ಬರ್ಚ್, ಬೀಚ್ ಮರಗಳು ಮಾವಿನ ಕೆಲಸ ಮಾಡುತ್ತವೆ. ಅಲ್ಲಿನ ಚಳಿಗೆ ಗೆರೆ ಹಿಡಿಯಲು ಒಂದು ವರ್ಷವೋ ಹೆಚ್ಚೋ ಬೇಕಾಗಬಹುದು.

ಸಾ ಮಿಲ್‌ಗಳಲ್ಲಿ, ಸೌದೆ ಡಿಪೋಗಳಲ್ಲಿ ಕೇಳಿದರೆ ‘ಕಪ್ಪು ಬಿದ್ದ ಮಾವು’ ಸೌದೆಯ ಬೆಲೆಗೇ ಸಿಗುತ್ತದೆ. ಕಾಡಿನಲ್ಲಿ ಬಿದ್ದ ಕೊರಡು ಕಂಡರೆ ಅಲ್ಲೇ ಬಿಡಿ. ಅನುಮತಿ ಇಲ್ಲದೆ ತಂದರೆ ಅದು ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಕೊಳೆಯುವ ಮರ ಕಾಡಿಗೇ ಬೇಕು. ಎಲ್ಲಕ್ಕಿಂತ ಒಳ್ಳೆಯದು, ಉಡುಗೊರೆ ಪಡೆಯುವವರ ಅಂಗಳದ್ದೇ ಮರ. ಮನೆ ಕಟ್ಟಲು ಅಥವಾ ರಸ್ತೆಗೆ ಅಡ್ಡ ಬಂತೆಂದು ಹಳೆಯ ಮಾವಿನ ಮರ ಕಡಿಯಬೇಕಾಗಿ ಬಂದವರ ಸಂಕಟ ನಮಗೆಲ್ಲ ಗೊತ್ತಿರುವುದೇ. ಅದರ ಒಂದು ತುಂಡನ್ನು ಕೇಳಿ ತಂದಿಟ್ಟುಕೊಂಡು, ಗೃಹಪ್ರವೇಶದ ದಿನ ಅದೇ ಮರದ ಬಸವನನ್ನು ಆ ಮನೆಯ ಅಜ್ಜಿಯ ಕೈಗೆ ಕೊಡುವಂಥ ಉಡುಗೊರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮನೆಯಲ್ಲೇ ಗೆರೆ ಹಿಡಿಸುವುದು

ಒಂದು ಅಡಿ ದಪ್ಪ, ಒಂದೂವರೆ ಅಡಿ ಉದ್ದದ ಹಸಿ ಕೊರಡು ಸಾಕು. ತೊಗಟೆ ತೆಗೆಯಬೇಡಿ. ಜೂನ್‌ನಲ್ಲಿ ನೆರಳಿನ ಜಾಗ ನೋಡಿ, ಎರಡು ಕಲ್ಲಿನ ಮೇಲೆ ಇಡಿ. ನೆಲಕ್ಕೆ ತಾಗಿಸಿ ಇಟ್ಟರೆ ಶಿಲೀಂಧ್ರಕ್ಕಿಂತ ಮೊದಲು ಗೆದ್ದಲು ಬರುತ್ತದೆ. ಹಳೆಯ ಅಣಬೆ ಹಿಡಿದ ಕಟ್ಟಿಗೆಯ ಚೂರು, ಅರೆ ಕೊಳೆತ ತರಗೆಲೆಗಳನ್ನು ಕೊರಡಿನ ಮೇಲೂ ತುದಿಗಳಿಗೂ ಹರಡಿ, ಒದ್ದೆ ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ ಹೊದಿಸಿ ಉಸಿರುಗಟ್ಟಿಸಬೇಡಿ. ಮಳೆ ಬಿಡುವು ಕೊಟ್ಟಾಗ ಗೋಣಿಗೆ ನೀರು ಚಿಮುಕಿಸಿದರೆ ಆಯಿತು.

ಎರಡು ತಿಂಗಳಾದ ಮೇಲೆ ಒಂದು ತುದಿಯಿಂದ ಎರಡು ಬೆರಳು ದಪ್ಪದ ಬಿಲ್ಲೆ ಕತ್ತರಿಸಿ ನೋಡಿ. ಗೆರೆ ಇನ್ನೂ ತುದಿಯಲ್ಲೇ ಇದ್ದರೆ ಮತ್ತೆ ಹೊದಿಸಿಡಿ. ಕಪ್ಪು ಗೆರೆ ಸ್ಪಷ್ಟವಾಗಿದ್ದು, ಬಿಳಿಚಿದ ಭಾಗಕ್ಕೆ ಉಗುರು ಒತ್ತಿದರೆ ಇನ್ನೂ ತಡೆ ಸಿಗುತ್ತಿದ್ದರೆ ಅದೇ ಸರಿಯಾದ ಹದ. ‘ಇನ್ನೂ ಸ್ವಲ್ಪ ಗೆರೆ ಬರಲಿ’ ಎಂಬ ಆಸೆಯಲ್ಲೇ ಹೆಚ್ಚಿನ ಕೊರಡುಗಳು ಲಡ್ಡಾಗುವುದು. ಗೆರೆ ಸ್ವಲ್ಪ ಕಡಿಮೆ ಇದ್ದರೂ ಗಟ್ಟಿ ಮರವೇ ಮೇಲು.

ಒಣಗಿಸುವುದು

ಕೊರಡನ್ನು ನಡುವಿನ ತಿರುಳಿನ ಮೂಲಕ ಎರಡು ಹೋಳು ಮಾಡಿ. ತಿರುಳು ಉಳಿದ ತುಂಡು ಬಿರುಕು ಬಿಡದೆ ಇರುವುದಿಲ್ಲ, ಆದ್ದರಿಂದ ಅದನ್ನು ಪೂರ್ತಿ ಕಳೆಯಿರಿ. ನಮ್ಮ ಬಸವನಿಗೆ ಬೇಕಾದ ತುಂಡಿನ ಅಳತೆ 12 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ. ಒಣಗುವಾಗ ಕುಗ್ಗುವುದರಿಂದ ಮತ್ತು ಆಯ್ಕೆಗೆ ಜಾಗ ಬೇಕಾದ್ದರಿಂದ ಪ್ರತಿ ಕಡೆಗೂ ಎರಡು ಸೆಂ.ಮೀ. ಹೆಚ್ಚಿಟ್ಟು ಕೊಯ್ಯಿಸಿ. ನಾರು ಬಸವನ ಉದ್ದಕ್ಕೆ, ಮೂತಿಯಿಂದ ಬಾಲದ ಕಡೆಗೆ ಓಡಬೇಕು. ಅಡ್ಡ ಕೊಯ್ದ ಎರಡು ತುದಿಗಳಿಗೆ ಕರಗಿಸಿದ ಮೇಣ ಅಥವಾ ಮರದ ಅಂಟನ್ನು ದಪ್ಪಗೆ ಬಳಿಯಿರಿ; ತುದಿಗಳು ಬೇಗ ಒಣಗಿದರೆ ಸೀಳುತ್ತವೆ.

ಬಿಸಿಲಿಗೆ ಹಾಕಬೇಡಿ. ಗಾಳಿ ಆಡುವ ಅಟ್ಟದ ಮೇಲೆ, ಕೆಳಗೆ ಪಟ್ಟಿ ಕೊಟ್ಟು ಇಡಿ. ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಕ ನೋಡಿ ತುಂಡಿನ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಎರಡು ಮೂರು ವಾರ ತೂಕ ಇಳಿಯದೆ ನಿಂತರೆ ಮರ ಒಣಗಿದೆ ಎಂದರ್ಥ. ಮಳೆಗಾಲ ಮುಗಿದ ಮೇಲೆ ಬಯಲುಸೀಮೆಯಲ್ಲಿ ಇದು ಬೇಗ, ಕರಾವಳಿಯಲ್ಲಿ ತಡ.

ಇನ್ನು ಕುಟ್ಟೆ ಹುಳದ ಮಾತು. ಮಾವಿನ ಮರದಲ್ಲಿ ಗಂಜಿ ಜಾಸ್ತಿ, ಕುಟ್ಟೆಗೆ ಅದು ಪ್ರೀತಿ. ನೀವು ಕೊಟ್ಟ ಉಡುಗೊರೆಯಿಂದ ಆರು ತಿಂಗಳ ನಂತರ ಹಿಟ್ಟು ಉದುರತೊಡಗಿದರೆ ಆ ಮನೆಯ ಬಾಗಿಲು, ಕಿಟಕಿಗೂ ಅಪಾಯ. ವಿದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ನಿಯಮವೊಂದಿದೆ: ಮರದ ನಡುಮಧ್ಯವೂ 56 ಡಿಗ್ರಿ ಮುಟ್ಟಿ ಕನಿಷ್ಠ 30 ನಿಮಿಷ ಇರಬೇಕು. ನಾವೂ ಅದನ್ನೇ ಪಾಲಿಸೋಣ. ಪೂರ್ತಿ ಒಣಗಿದ ತುಂಡನ್ನು ಓವನ್‌ನಲ್ಲಿ 65ರಿಂದ 70 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಇಡಿ, ಹತ್ತಿರವೇ ಇರಿ. ದಪ್ಪ ತುಂಡಿನ ಒಡಲಿಗೆ ಬಿಸಿ ಇಳಿಯಲು ಅಷ್ಟು ಹೊತ್ತು ಬೇಕು. ಹಸಿ ಮರವನ್ನು ಹೀಗೆ ಬಿಸಿ ಮಾಡಿದರೆ ಸೀಳಿಹೋಗುತ್ತದೆ. ಮೈಕ್ರೋವೇವ್ ಬೇಡವೇ ಬೇಡ.

ತುಂಡನ್ನು ಓದುವುದು

ಉಳಿ ಹಿಡಿಯುವ ಮುಂಚೆ ಒಂದು ಸಂಜೆಯನ್ನು ಇದಕ್ಕೇ ಇಡಿ. ಇಡೀ ಕೆಲಸದಲ್ಲಿ ಹೆಚ್ಚು ಲಾಭ ಕೊಡುವ ಸಮಯ ಇದು. ತುಂಡಿನ ಆರೂ ಮುಖಗಳನ್ನು ಉಜ್ಜಿ, ಬಟ್ಟೆಗೆ ಸ್ವಲ್ಪ ಪಾಲಿಶ್ ಸ್ಪಿರಿಟ್ ಹಾಕಿ ಒರೆಸಿ. ಆರುವವರೆಗೆ ಗೆರೆಗಳು ಕೊನೆಯಲ್ಲಿ ಹೇಗೆ ಕಾಣುತ್ತವೋ ಹಾಗೆ ಎದ್ದು ಕಾಣುತ್ತವೆ. ನೀರು ಬೇಡ, ನಾರು ಎದ್ದು ನಿಲ್ಲುತ್ತದೆ.

ಆಮೇಲೆ ದಬ್ಬಳ ತೆಗೆದುಕೊಂಡು ಎಲ್ಲ ಕಡೆ ಒಂದೇ ಬಲದಲ್ಲಿ ಒತ್ತುತ್ತಾ ಹೋಗಿ. ದಬ್ಬಳ ನಿಂತ ಕಡೆ ಗಟ್ಟಿ ಮರ. ಒಂದೆರಡು ಮಿ.ಮೀ. ಇಳಿದರೆ ಮೆದು, ಆದರೆ ಕೆಲಸಕ್ಕೆ ಬರುತ್ತದೆ. ಸಲೀಸಾಗಿ ಒಳಗೆ ಹೋಗಿ ಹಿಟ್ಟು ಬಂದರೆ ಲಡ್ಡು. ಮೂರನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಿಂದ ಗುರುತಿಸಿ. ಈಗ ಬಸವನನ್ನು ಹೇಗೆ ಕೂರಿಸಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಗಟ್ಟಿಯಾದ, ಗೆರೆಯಿಲ್ಲದ ತುದಿ ಮುಖಕ್ಕೆ, ಕೊಂಬಿಗೆ. ಗೆರೆ ದಟ್ಟವಾದ ಬದಿ ಪಕ್ಕೆಗೆ. ಲಡ್ಡು ಭಾಗ ಕಾಲುಗಳ ನಡುವೆಯೋ, ಕೊರಳು ಮತ್ತು ಹಿಣಿಲಿನ ಮಧ್ಯೆಯೋ ಕಡಿದು ಬಿಸಾಡುವ ಕಡೆ ಬರಲಿ. ಯಾವ ದಿಕ್ಕಿಗೆ ತಿರುಗಿಸಿದರೂ ಮುಖದ ಕಡೆಗೇ ಲಡ್ಡು ಬರುತ್ತಿದ್ದರೆ ಆ ತುಂಡನ್ನು ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ.

ಇಲ್ಲಿ ಇನ್ನೊಂದು ಸಂಗತಿ ತಿಳಿದಿರಬೇಕು. ಮೇಲ್ಮೈಯಲ್ಲಿ ಗೆರೆಯಾಗಿ ಕಾಣುವುದು ಮರದೊಳಗೆ ತೆಳುವಾದ, ಬಾಗಿದ ಗೋಡೆ. ನೀವು ಕೆತ್ತುತ್ತಾ ಒಳಗೆ ಹೋದಂತೆ ಗೆರೆ ಜಾಗ ಬದಲಿಸುತ್ತದೆ. ಗೋಡೆ ಮೇಲ್ಮೈಗೆ ನೆಟ್ಟಗೆ ಇಳಿದಿದ್ದರೆ ಗೆರೆ ಹೆಚ್ಚು ಅಲುಗದು, ಸಣ್ಣಗೇ ಉಳಿಯುತ್ತದೆ. ಓರೆಯಾಗಿದ್ದರೆ ಒಂದು ಸಿಪ್ಪೆ ತೆಗೆದರೂ ಸರಿಯುತ್ತದೆ, ಅಗಲವಾಗುತ್ತದೆ. ಪಕ್ಕದ ಎರಡು ಮುಖಗಳಲ್ಲಿ ಅದೇ ಗೆರೆ ಎಲ್ಲಿ ಇಳಿದಿದೆ ಎಂದು ನೋಡಿದರೆ ಗೋಡೆಯ ಓಟ ಅಂದಾಜಿಗೆ ಸಿಗುತ್ತದೆ. ಉಬ್ಬಿದ ಜಾಗದಲ್ಲಂತೂ ಇದರ ಆಟ ನೋಡಬೇಕು. ಹಿಣಿಲನ್ನು ದುಂಡಗೆ ಮಾಡುತ್ತಾ ಬಂದಂತೆ, ಮಟ್ಟಸವಾಗಿ ಹಾದುಹೋದ ಗೋಡೆಯೊಂದು ಅಲ್ಲಿ ಉಂಗುರವಾಗಿ ತೆರೆದುಕೊಳ್ಳುತ್ತದೆ, ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಸುತ್ತುಗೆರೆಯ ಹಾಗೆ. ಒಂದು ಸಿಪ್ಪೆ ಹೆಚ್ಚು ತೆಗೆದರೆ ಉಂಗುರ ಅಷ್ಟು ಕಿರಿದಾಗುತ್ತದೆ, ಕಡಿಮೆ ತೆಗೆದರೆ ಅಗಲವಾಗಿ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ನೀವೇ ತೀರ್ಮಾನಿಸಬೇಕು. ಹಿಣಿಲಿನ ಆಕಾರ ಒಂದು ಮಿ.ಮೀ. ದಪ್ಪಗಿದ್ದರೂ ಉಂಗುರ ಸರಿಯಾಗಿ ಬಂದ ಕಡೆ ನಿಲ್ಲಿಸಿಬಿಡಿ ಎನ್ನುವುದು ನನ್ನ ಸಲಹೆ.

ಉಳಿ, ಸಾಣೆ, ಮುಸುಕು

ಚೂಪಾದ ಕೆತ್ತನೆ ಚಾಕು, 12 ಮತ್ತು 3 ಮಿ.ಮೀ. ಚಪ್ಪಟೆ ಉಳಿ, 8 ಮತ್ತು 4 ಮಿ.ಮೀ. ಬಾಗಿದ ಉಳಿ, ಗೆರೆ ತೆಗೆಯಲು ಒಂದು ವಿ ಉಳಿ, ಸಣ್ಣ ಕೊಡತಿ (ಮರದ ಸುತ್ತಿಗೆ), ಸಣ್ಣ ಹಲ್ಲಿನ ಗರಗಸ. ಇಷ್ಟಿದ್ದರೆ ಬೇರೇನೂ ಬೇಡ. ಮೆದು ಮರಕ್ಕೆ ಮೊಂಡು ಉಳಿ ನಡೆಯುತ್ತದೆ ಎಂದು ಹಲವರು ತಿಳಿದಿರುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ಗಟ್ಟಿ ಮರ ಮೊಂಡು ಅಲಗನ್ನೂ ಸ್ವಲ್ಪ ಹೊತ್ತು ಸಹಿಸುತ್ತದೆ, ಗೆರೆಮರ ಕಿತ್ತು ಬರುತ್ತದೆ. 1000 ನಂಬರಿನ ನುಣ್ಣನೆಯ ಸಾಣೆ ಕಲ್ಲಿನ ನಂತರ ಚರ್ಮದ ಪಟ್ಟಿಗೆ ಪಾಲಿಶ್ ಮುದ್ದೆ ಹಚ್ಚಿ ಅಲಗನ್ನು ಎಳೆಯಿರಿ. ಅರ್ಧ ಗಂಟೆಗೊಮ್ಮೆ ಮತ್ತೆ ಎಳೆಯಿರಿ. ಮರದ ಅಡ್ಡ ತುದಿಯನ್ನು ಕೊಯ್ದು ನೋಡಿದಾಗ ಮೇಲ್ಮೈ ಹೊಳೆದರೆ ಅಲಗು ಸರಿ, ಮಂಕಾಗಿ ಪುಡಿಪುಡಿಯಾದರೆ ಮತ್ತೆ ಸಾಣೆಗೆ.

ಕತ್ತರಿಸುವಾಗ, ಉಜ್ಜುವಾಗ ಎನ್-95 ಮುಸುಕು ಕಡ್ಡಾಯ. ಯಾವ ಮರದ ದೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಇದರಲ್ಲಿ ಬೂಷ್ಟಿನ ಕಣಗಳೂ ಸೇರಿರುತ್ತವೆ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಈ ಮರದ ಬದಲು ಸ್ವಚ್ಛವಾದ ಶಿವನೆ ಮರದಲ್ಲಿ ಕೆತ್ತಲಿ. ಮಾವಿನ ಸೊನೆಗೆ ಮೈ ತುರಿಸುವವರು ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ಕೆತ್ತನೆ

ಕಾಗದದ ಮೇಲೆ ಬಸವನನ್ನು ಪಕ್ಕದಿಂದ ಮತ್ತು ಮೇಲಿನಿಂದ, ತುಂಡಿನ ಅಳತೆಗೇ ಬರೆದುಕೊಳ್ಳಿ. ಕೆಳಗೆ ಒಂದು ಸೆಂ.ಮೀ. ಪೀಠಕ್ಕೆ ಬಿಡಿ. ಕೊಂಬುಗಳು ಗಿಡ್ಡವಾಗಿ ತಲೆಗೆ ಅಂಟಿಕೊಂಡು ಹಿಂದಕ್ಕೆ ಬಾಗಿರಲಿ. ಮೇಲಕ್ಕೆ ನಿಂತರೆ ನಾರು ಅಡ್ಡ ಬಿದ್ದು ಮೊದಲ ದಿನವೇ ಮುರಿಯುತ್ತವೆ. ಕಿವಿಗಳು ಕೊರಳಿಗೆ ತಾಗಿರಲಿ. ಬಾಲ ತೊಡೆಯ ಮೇಲೆ ಸುತ್ತಿಕೊಂಡಿರಲಿ. ಮುಂಗಾಲು ಒಂದು ಮಡಚಿ, ಇನ್ನೊಂದರ ಗೊರಸು ಮುಂದೆ ಬಂದಿದ್ದರೆ ನಮ್ಮ ಗುಡಿಗಳ ಬಸವನ ಗತ್ತು ಬರುತ್ತದೆ.

ಚಿತ್ರವನ್ನು ತುಂಡಿನ ಪಕ್ಕಕ್ಕೂ ಮೇಲಕ್ಕೂ ಇಳಿಸಿ, ಬೆನ್ನಿನ ಮೇಲೆ ಮೂತಿಯಿಂದ ಬಾಲದವರೆಗೆ ನಡುಗೆರೆ ಎಳೆಯಿರಿ. ಕೆತ್ತಿದಂತೆ ಈ ನಡುಗೆರೆ ಹೋಗುತ್ತಿರುತ್ತದೆ, ಹೋದ ಕೂಡಲೇ ಮತ್ತೆ ಎಳೆಯಿರಿ. ಅದಿಲ್ಲದೆ ಎಡ ಬಲ ಎರಡು ಬೇರೆ ಬೇರೆ ಬಸವ ಆಗಿಬಿಡುತ್ತವೆ. ಪಕ್ಕದ ಹೊರರೂಪವನ್ನು ಗರಗಸದಿಂದ ಕೊಯ್ಯಿರಿ: ಹಿಣಿಲಿನ ಹಿಂದೆ, ಕೊಂಬಿನ ಮುಂದೆ, ಮೂತಿಯ ಕೆಳಗೆ. ಆಮೇಲೆ ಮೇಲಿನ ಚಿತ್ರದಂತೆ ತಲೆಯ ಎರಡೂ ಬದಿ. ಚಿತ್ರಕ್ಕಿಂತ ಮೂರು ಮಿ.ಮೀ. ಹೊರಗೇ ಇರಿ.

ಕೊಡತಿಯ ಕೆಲಸ ಇಲ್ಲಿಗೇ ಮುಗಿಯಬೇಕು. ಇನ್ನು ಮುಂದೆ ಕೈಬಲದಿಂದಲೇ ತೆಳು ಸಿಪ್ಪೆ ತೆಗೆಯಿರಿ, ಏಟು ಬಿದ್ದರೆ ಮೆದು ಭಾಗ ನಜ್ಜುಗುಜ್ಜಾಗುತ್ತದೆ. ಅಲಗನ್ನು ನೇರ ತಳ್ಳದೆ, ತಳ್ಳುತ್ತಲೇ ಪಕ್ಕಕ್ಕೆ ಜಾರಿಸಿ. ಎತ್ತರದಿಂದ ತಗ್ಗಿನ ಕಡೆಗೆ ಕೆತ್ತಿ. ಹಿಣಿಲಿನ ತುದಿಯಿಂದ ಕೊರಳಿಗೆ, ಹಿಣಿಲಿನ ತುದಿಯಿಂದ ಬೆನ್ನಿಗೆ. ತಗ್ಗಿನಿಂದ ಮೇಲಕ್ಕೆ ಹೋದರೆ ಎದುರು ನಾರು ಸಿಕ್ಕಿ ಸೀಳುತ್ತದೆ. ಪಕ್ಕೆ, ತೊಡೆ, ಗಂಗೆದೊಗಲಿನ ಮಡಿಕೆ, ಎಲ್ಲ ಅಂಗಗಳನ್ನೂ ಒಟ್ಟೊಟ್ಟಿಗೆ ಮುಂದಕ್ಕೆ ತನ್ನಿ. ಮುಖ ಮೊದಲೇ ಮುಗಿಸಿಬಿಡುವ ಆಸೆ ತಡೆದುಕೊಳ್ಳಿ.

ಮೈಯ ಆಕಾರ ಬಂದ ಮೇಲೆ ಮರವನ್ನು ಬಿಗಿ ಮಾಡುವ ಹಂತ. ಇದಕ್ಕೆ ತೆಳು ಅರಗಿಗಿಂತ (ಶೆಲಾಕ್) ಒಳ್ಳೆಯದಿಲ್ಲ. ಮೇಣ ತೆಗೆದ ಬಿಳಿ ಅರಗಿನ ಚೂರು 12 ಗ್ರಾಂ, ಪಾಲಿಶ್ ಸ್ಪಿರಿಟ್ 100 ಮಿ.ಲೀ., ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಕುಂಚದಿಂದ ಇಡೀ ಗೊಂಬೆಗೆ ಬಳಿಯಿರಿ, ಮೆದು ಭಾಗ ಕುಡಿಯುವಷ್ಟು ಕುಡಿಯಲಿ, ಒಣಗಿದ ಮೇಲೆ ಮತ್ತೊಮ್ಮೆ. ಮಾರನೆಯ ದಿನ ಅದೇ ಭಾಗ ಉಳಿಗೆ ಬೇರೆ ಮರದಂತೆ ಒದಗುತ್ತದೆ. ತೀರಾ ಪುಡಿಯಾಗುವ ಒಂದೆರಡು ಚುಕ್ಕೆಗಳಿಗೆ ಮಾತ್ರ ತೆಳುವಾದ ಸೂಪರ್ ಗ್ಲೂ ಹನಿಸಿ. ಗ್ಲೂ ಬಿದ್ದ ಕಡೆ ಬಣ್ಣ ಗಾಢವಾಗಿ ಕಲೆಯಂತೆ ಉಳಿಯುವುದರಿಂದ ಪಕ್ಕೆಯ ನಡುವೆ ಅದನ್ನು ಬಳಸಬೇಡಿ. ಹತ್ತಿ ಬಟ್ಟೆಯಿಂದ ಒರೆಸಲೂ ಬೇಡಿ. ಹತ್ತಿಗೆ ತಾಗಿದರೆ ಆ ಗ್ಲೂ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಈಗ ಕುಸುರಿ. ಗೆಜ್ಜೆಸರಕ್ಕೆ ಕೊರಳ ಸುತ್ತ 6 ಮಿ.ಮೀ. ಅಂತರದ ಎರಡು ಗೆರೆ ಎಳೆದು, ನಡುವೆ ದುಂಡನೆಯ ಗೆಜ್ಜೆಗಳನ್ನು ಬರೆಯಿರಿ. ಎಣಿಕೆ ಕಡಿಮೆ ಇರಲಿ, ಪ್ರತಿ ಬದಿಗೆ ಐದೋ ಆರೋ. ಒಂದೊಂದು ಗೆಜ್ಜೆಗೂ ಮೊದಲು ನಾರಿಗೆ ಅಡ್ಡವಾದ ಎರಡು ಬದಿಗಳನ್ನು ಬಾಗಿದ ಉಳಿಯ ಬಾಯಿಂದ ನೆಟ್ಟಗೆ ಒತ್ತಿ ಕಡಿಯಿರಿ. ಆಮೇಲಷ್ಟೇ ನಾರಿನ ಉದ್ದದ ಬದಿಗಳನ್ನು. ಕ್ರಮ ತಪ್ಪಿದರೆ ಸೀಳು ಓಡಿ ಪಕ್ಕದ ಗೆಜ್ಜೆಯೂ ಹಾರುತ್ತದೆ. ಗೆಜ್ಜೆಗಳ ನಡುವಿನ ಮರವನ್ನು 3 ಮಿ.ಮೀ. ಉಳಿಯಿಂದ ತೆಗೆದು, ಚಾಕುವಿನ ತುದಿಯಿಂದ ಅಂಚು ದುಂಡಗೆ ಮಾಡಿ, ಕೊನೆಗೆ ಪ್ರತಿ ಗೆಜ್ಜೆಯ ಹೊಟ್ಟೆಗೆ ವಿ ಉಳಿಯಿಂದ ಒಂದೇ ಒಂದು ಕೊಯ್ತ. ಆ ಕೊಯ್ತ ಬಿದ್ದ ಕ್ಷಣ ಉಂಡೆ ಗೆಜ್ಜೆಯಾಗುತ್ತದೆ.

ಕಣ್ಣಿಗೆ ಬಾದಾಮಿಯ ಆಕಾರ ಬರೆದು, ಎರಡೂ ಮೂಲೆಗಳಲ್ಲಿ ಚಾಕುವಿನ ತುದಿಯಿಂದ ಸಣ್ಣ ತ್ರಿಕೋನ ತೆಗೆಯಿರಿ. ಗುಡ್ಡೆ ತಾನೇ ಉಬ್ಬಿ ಕಾಣುತ್ತದೆ. ಮೇಲಿನ ರೆಪ್ಪೆ ತುಸು ಭಾರವಾಗಿ ಕೆಳಗಿಳಿದಿದ್ದರೆ ಬಸವನಿಗೆ ಮೆಲುಕು ಹಾಕುವ ಶಾಂತಿ ಬರುತ್ತದೆ. ಪೂರ್ತಿ ತೆರೆದ ಕಣ್ಣು ಬೆದರಿದಂತೆ ಕಾಣುತ್ತದೆ. ಪಾಪೆಗೆ ಬಣ್ಣ ಹಚ್ಚಬೇಡಿ. ಕಪ್ಪು ಗೆರೆಗಳ ಮರದ ಮೇಲೆ ಹೊರಗಿನ ಕಪ್ಪು ಬಣ್ಣ ಬಿದ್ದರೆ ಗೆರೆಗಳೂ ಯಾರೋ ಬರೆದವೇ ಎನಿಸುತ್ತದೆ. ಮೂಗಿನ ಹೊಳ್ಳೆ, ಬಾಯಿಯ ಗೆರೆ, ಗೊರಸಿನ ಸೀಳು, ಬಾಲದ ಕುಚ್ಚು, ಇಷ್ಟಕ್ಕೆ ಕುಸುರಿ ಸಾಕು. ಬೆನ್ನಿನ ಮೇಲೆ ಜೂಲು, ಹೂಬಳ್ಳಿ ಕೆತ್ತುವ ಮನಸ್ಸಾಗುತ್ತದೆ. ಬೇಡ. ಅದು ಗೆರೆಗಳ ಜಾಗ.

ಉಜ್ಜುವುದು, ಹೊಳಪು

ಕುಸುರಿ ಭಾಗಕ್ಕೆ ಉಪ್ಪು ಕಾಗದ ತಾಗಿಸಬೇಡಿ, ಅಲಗಿನ ಗುರುತುಗಳೇ ಅಲ್ಲಿ ಚೆಂದ. ಪಕ್ಕೆ, ಬೆನ್ನು, ಹಿಣಿಲಿಗೆ ಮಾತ್ರ 150, 220, 320, 400 ನಂಬರಿನ ಕಾಗದ, ಹೀಗೆ ನುಣ್ಣಗೆ ಮಾಡುತ್ತಾ ಹೋಗಿ. ಕಾಗದವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಮೆದು ಭಾಗ ಬೇಗ ತಗ್ಗಿ, ಗೆರೆಗಳು ಏಣಿನಂತೆ ನಿಲ್ಲುತ್ತವೆ. ಚಪ್ಪಲಿಯ ರಬ್ಬರಿನ ಅಟ್ಟೆಯಂಥ ಗಡುಸು ತುಂಡಿಗೆ ಕಾಗದ ಸುತ್ತಿ ಹಗುರವಾಗಿ ಉಜ್ಜಿ. ಗೆರೆಯ ಕಪ್ಪು ದೂಳು ಪಕ್ಕದ ಬಿಳಿಗೆ ಮೆತ್ತಿ ಮಂಕು ಮಾಡುವುದರಿಂದ ಪ್ರತಿ ಹಂತಕ್ಕೂ ಒಣ ಬ್ರಷ್‌ನಿಂದ ದೂಳು ಹೊಡೆಯಿರಿ. ಒದ್ದೆ ಬಟ್ಟೆ ಬೇಡ.

ಮರಗೆಲಸದವರು ಸಾಮಾನ್ಯವಾಗಿ ಅಗಸೆ ಎಣ್ಣೆ ಹಚ್ಚಲು ಹೇಳುತ್ತಾರೆ. ಈ ಮರಕ್ಕೆ ನಾನು ಅದನ್ನು ಹೇಳುವುದಿಲ್ಲ. ಎಣ್ಣೆ ಬಿಳಿಯನ್ನು ಹಳದಿ ಮಾಡುತ್ತದೆ, ಮೆದು ಭಾಗ ಹೆಚ್ಚು ಕುಡಿದು ಕಂದುಗಪ್ಪು ಕಲೆಯಾಗುತ್ತದೆ, ಗೆರೆಯ ಮೊನಚು ಹೋಗುತ್ತದೆ. ಆದರೂ ಹಚ್ಚುವವರು ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ; ಅದು ತನ್ನಷ್ಟಕ್ಕೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿ. ಮುಂಚೆ ಮಾಡಿಟ್ಟ ಅದೇ ಬಿಳಿ ಅರಗನ್ನೇ ನಾಲ್ಕೈದು ತೆಳು ಲೇಪ ಕೊಡುವುದು ನನ್ನ ಆಯ್ಕೆ. ಎರಡು ಲೇಪದ ನಡುವೆ ಎರಡು ಗಂಟೆ ಬಿಡುವು, 400ರ ಕಾಗದದಿಂದ ಮುಟ್ಟಿದಂತೆ ಒಂದು ಉಜ್ಜು. ಮಳೆ ಸುರಿಯುವ ದಿನ ಅರಗು ಬಳಿಯಬೇಡಿ, ತೇವ ಸೇರಿ ಬೆಳ್ಳಗೆ ಮಸುಕಾಗುತ್ತದೆ. ಒಂದು ವಾರ ಆದ ಮೇಲೆ ಜೇನುಮೇಣವನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ, ಉಣ್ಣೆ ಬಟ್ಟೆಯಿಂದ ಉಜ್ಜಿದರೆ ಕೈಗೆ ಹಿತವಾದ, ಕಣ್ಣು ಕುಕ್ಕದ ಹೊಳಪು ಬರುತ್ತದೆ.

ಕೊಡುವಾಗ

ಪೀಠದ ತಳದಲ್ಲಿ ವರ್ಷ, ಮರ ಯಾವುದು, ಎಲ್ಲಿಯದು ಎಂದು ಚಾಕುವಿನಿಂದ ಬರೆಯಿರಿ. ‘ಮಾವು, ನಿಮ್ಮ ಅಂಗಳ’ ಎಂದಷ್ಟೇ ಇದ್ದರೂ ಓದುವವರಿಗೆ ಎಷ್ಟೋ ನೆನಪಾಗುತ್ತದೆ. ತಳಕ್ಕೆ ಬಟ್ಟೆ ಅಂಟಿಸಿ ಅದನ್ನು ಮುಚ್ಚಬೇಡಿ.

ಬಸವನನ್ನು ಕೊಟ್ಟರೆ ಅವನು ದೇವರ ಮನೆ ಸೇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಕೊಡುವಾಗಲೇ ಬಾಯಿಬಿಟ್ಟು ಹೇಳಿ: ‘ಅಜ್ಜಿ, ಇವನಿಗೆ ಅಭಿಷೇಕ ಬೇಡ, ಎಣ್ಣೆ ಬೇಡ, ಹೂವಿಟ್ಟರೆ ಸಂಜೆಗೆ ತೆಗೆದುಬಿಡಿ.’ ನೀರು ಕುಡಿದ ಗೆರೆಮರ ಮತ್ತೆ ಬೂಷ್ಟು ಹಿಡಿಯಬಹುದು. ಬಿಸಿಲು ಬೀಳುವ ಕಿಟಕಿಯೂ ಬೇಡ, ಬಣ್ಣ ಮಾಸುತ್ತದೆ. ಗಂಧ ಕುಂಕುಮ ಇಡಲೇಬೇಕೆಂದರೆ ಪೀಠದ ಅಂಚಿಗೆ ಒಣ ಕುಂಕುಮ ಸಾಕು. ದೂಳು ಕೂತರೆ ಒಣ ಕುಂಚ, ವರ್ಷಕ್ಕೊಮ್ಮೆ ಜೇನುಮೇಣ.

ವಿದೇಶದಲ್ಲಿರುವ ಮಗಳಿಗೋ ಗೆಳೆಯರಿಗೋ ಕಳಿಸುವುದಾದರೆ ತೊಗಟೆಯ ಚೂರೂ ಉಳಿಯದಂತೆ ನೋಡಿಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮರದ ವಸ್ತುಗಳ ತಪಾಸಣೆ ಬಿಗಿ. ಹುಳದ ತೂತು, ತೊಗಟೆ ಕಂಡರೆ ತಡೆದು ನಿಲ್ಲಿಸುತ್ತಾರೆ. ಮರದ ಕೆತ್ತನೆ ಎಂದು ಪಾರ್ಸೆಲ್ ಮೇಲೆ ಸರಿಯಾಗಿ ಬರೆಯಿರಿ, ಒಳಗೆ ಬಿಸಿಗೆ ಇಟ್ಟು ಒಣಗಿಸಿದ ವಿವರದ ಚೀಟಿ ಹಾಕಿ. ಕೊಂಬು, ಕಿವಿಗಳ ಸುತ್ತ ಮೆದು ಬಟ್ಟೆ ತುಂಬಿ, ಡಬ್ಬದಲ್ಲಿ ಬಸವ ಅಲ್ಲಾಡದಂತೆ ಬಿಗಿಯಾಗಿ ಕೂರಿಸಿ. ಮಳೆಗಾಲದಲ್ಲಿ ಕಳಿಸುವುದಾದರೆ ಎರಡು ಸಿಲಿಕಾ ಜೆಲ್ ಪೊಟ್ಟಣವನ್ನೂ ಜೊತೆಗಿಡಿ.